ಬಾಯಮ್ಮನ ಹೊಸಕ್ಕಿ ಹಾಲು

ಮಂಗಳೂರಿನ ನಮ್ಮ ನೆರೆಮನೆಯ ಬಾಯಮ್ಮ ತೀರಿಕೊಂಡಾಗ ಅವರಿಗೆ 96 ವರ್ಷ. ಏಳು ಹೆತ್ತು, ಇಬ್ಬರನ್ನು ಮಣ್ಣಿಗೆ ಕೊಟ್ಟು, ಮೊಮ್ಮಕ್ಕಳನ್ನು ಗಲ್ಫಿಗೆ ಕಳಿಸಿದ ಜೀವ. ಸಂಜೆ ಅವರ ಜಪಮಣಿಯೂ ನಮ್ಮ ಅಜ್ಜಿಯ ತಸ್ಬೀಹೂ ಒಂದೇ ಹೊತ್ತಿಗೆ ಉರುಳುತ್ತಿದ್ದವು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಹೊಸಕ್ಕಿ ಬೆರೆಸಿದ ಹಾಲು ನಮ್ಮ ಮನೆಗೂ ಬರುತ್ತಿತ್ತು.

ಒಮ್ಮೆ ಹಬ್ಬದ ಮುನ್ನಾದಿನ, 1784ರಲ್ಲಿ ಟಿಪ್ಪು ತಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಅವರಿಗದು ಪುಸ್ತಕದ ಮಾತಲ್ಲ, ಅಜ್ಜಿಯಿಂದ ಕೇಳಿದ್ದು. ಜಗಲಿಯಲ್ಲಿ ನಮ್ಮನ್ನು ಕಂಡು ಮಾತು ನಿಲ್ಲಿಸಿದರು. ಶಾಲೆಯಲ್ಲಿ ಟಿಪ್ಪುವಿನ ಪಾಠ ಬಾಯಿಪಾಠ ಮಾಡಿದ್ದ ನಮಗೆ ಸಿಟ್ಟು. ಮರುದಿನ ಆ ಕಡೆ ಸುಳಿಯಲಿಲ್ಲ. ಬಾಯಮ್ಮನೇ ಲೋಟ ಹಿಡಿದು ಬಂದರು. "ಅದಕ್ಕೆ ನೀವೇನು ಮಾಡುವುದು ಮಕ್ಕಳೇ? ಹಾಲು ಆರ್ತದೆ, ಕುಡೀರಿ."

ಕುಡಿದೆವು. ಕಥೆಯ ಉಳಿದರ್ಧವನ್ನು ಮಾತ್ರ ನಾವು ಕೊನೆಯವರೆಗೂ ಕೇಳಲಿಲ್ಲ.