ಹತ್ತು ಸೆಕೆಂಡಿನ ಹೀರೋ

ಪರದೆ ಮೇಲೆ ಟೈಟಲ್ ಓಡುವಾಗ ನೀವು ಶಿಳ್ಳೆ ಹೊಡೆಯೋದು ಯಾರ ಹೆಸರಿಗೆ? ನಾಯಕನಿಗೆ, ನಾಯಕಿಗೆ, ಬಹಳವಾದರೆ ಸಾಹಸ ನಿರ್ದೇಶಕನಿಗೆ. ‘ಶಬ್ದಗ್ರಹಣ’ ಅಂತ ಒಂದು ಕಾರ್ಡು ಬಂದು ಮಾಯವಾಗುತ್ತಲ್ಲ, ಅದಕ್ಕೆ ಯಾರಾದರೂ ಶಿಳ್ಳೆ ಹೊಡೆದದ್ದುಂಟೇ? ನಾನಂತೂ ಹೊಡೆದವನಲ್ಲ. ಆ ತಪ್ಪಿಗೆ ದಂಡ ತೆತ್ತ ಕಥೆ ಇದು.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಅವೆನ್ಯೂ ರಸ್ತೆ ಕಡೆಯ ಸಂಡೇ ಬಜಾರಿನಲ್ಲಿ ಅಲೆಯುತ್ತಿದ್ದೆ. ಹಳೇ ಪೋಸ್ಟರ್, ಹಾಡಿನ ಪುಸ್ತಕ ಸಿಕ್ಕರೆ ಒಂದು ಲೇಖನಕ್ಕಾದೀತು ಅನ್ನೋ ಆಸೆ. ಗೋಣಿತಾಟಿನ ಮೇಲೆ ಮುರಿದ ಮಿಕ್ಸಿ, ತುಕ್ಕು ಹಿಡಿದ ಇಕ್ಕಳಗಳ ನಡುವೆ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಹೆಗಲಿಗೆ ಹಾಕುವ ಪಟ್ಟಿ, ಮೇಲೆ ಎರಡು ಚಕ್ರ, ಮುಂದೆ ಮುಳ್ಳಿನ ಮೀಟರ್. ‘ಊಹರ್ 4000 ರಿಪೋರ್ಟ್’. ಜರ್ಮನಿಯ ಮಾಲು. ಈ ಮಾದರಿ ಮೊದಲು ಬಂದದ್ದು 1961ರಲ್ಲಿ. ಐದು ದೊಡ್ಡ ಟಾರ್ಚ್ ಸೆಲ್ ಹಾಕಿದರೆ ಕರೆಂಟಿಲ್ಲದ ಕಾಡಿನಲ್ಲೂ ಧ್ವನಿ ಹಿಡಿಯುತ್ತಿತ್ತು. ಮೊಬೈಲ್ ಕಾಣದ ಕಾಲದಲ್ಲಿ ರೇಡಿಯೋ ವರದಿಗಾರರ ಹೆಗಲಿಗೆ ಅಂಟಿಕೊಂಡಿದ್ದ ಯಂತ್ರ.

ಚಕ್ರದ ಮೇಲೆ ಒಂದು ಟೇಪು ಹಾಗೇ ಇತ್ತು. ಪಕ್ಕದಲ್ಲಿದ್ದ ರಟ್ಟಿನ ಡಬ್ಬಿ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿತ್ತು: ‘ಔಟ್‌ಡೋರ್. ಹೀರೋ ಡೈಲಾಗ್. ಓ.ಕೆ.’

ಎದೆ ಧಸಕ್ಕೆಂದಿತು! ಹೀರೋ ಅಂದ್ರೆ ಯಾವ ಹೀರೋ? ಚೌಕಾಸಿ ಮಾಡಿ 2,800 ರೂಪಾಯಿಗೆ ಹೊತ್ತುಕೊಂಡು ಬಂದೆ. ಬಾಡಿಗೆಗೆ ಎತ್ತಿಟ್ಟಿದ್ದ ಹಣ ಅದು. ದಾರಿಯಲ್ಲೇ ನಾಲ್ಕು ಜನ ಗೆಳೆಯರಿಗೆ ಫೋನ್ ಮಾಡಿ, ‘ದೊಡ್ಡ ಸ್ಟಾರ್‌ದು ಧ್ವನಿ ಸಿಕ್ಕಿದೆ ಕಣ್ರೋ’ ಅಂತ ಕೊಚ್ಚಿಕೊಂಡೂ ಆಯಿತು. ಮನೆಗೆ ಬಂದವನೇ ಐದು ಹೊಸ ಸೆಲ್ ಹಾಕಿ ಗುಂಡಿ ಒತ್ತಿದೆ.

ಒತ್ತಬಾರದಿತ್ತು ಸ್ವಾಮೀ, ಒತ್ತಬಾರದಿತ್ತು.

ಟೇಪನ್ನು ಎಳೆಯುವ ಕಡ್ಡಿ ತಿರುಗಿತು. ಎಳೆದದ್ದನ್ನು ಸುತ್ತಿಕೊಳ್ಳಬೇಕಾದ ಚಕ್ರ ತಿರುಗಲಿಲ್ಲ. ಒಳಗಿನ ರಬ್ಬರ್ ಬೆಲ್ಟು ಅರ್ಧ ಕರಗಿ ಡಾಂಬರಾಗಿತ್ತು, ಒತ್ತಿ ಹಿಡಿಯುವ ರಬ್ಬರ್ ಗಾಲಿಯೂ ಅಂಟಂಟು. ಕಣ್ಣು ಮಿಟುಕಿಸುವಷ್ಟರಲ್ಲಿ ಟೇಪು ಗಾಲಿಗೆ ಸುತ್ತಿಕೊಂಡು, ಮುದ್ದೆಯಾಗಿ, ಪಟ್ ಅಂತ ಹರಿಯಿತು. ಬಿಡಿಸಿ ನೋಡಿದರೆ ಶುರುವಿನ ಎರಡು ಗಜ ಹಾಳು. ಧ್ವನಿ ಕೂತಿರುವ ಕಂದು ಬಣ್ಣದ ಲೇಪವೆಲ್ಲ ಅಂಟಿಗೆ ಮೆತ್ತಿಕೊಂಡು, ಬರೀ ಪ್ಲಾಸ್ಟಿಕ್ ಪಟ್ಟಿ ಕೈಗೆ ಬಂತು.

ಪೆಟ್ಟಿಗೆ ಎತ್ತಿಕೊಂಡು ಶ್ರೀರಾಮಪುರದ ಒಬ್ಬ ಹಿರಿಯರ ಹತ್ತಿರ ಓಡಿದೆ. ರೇಡಿಯೋ ರಿಪೇರಿ ಮಾಡಿ ಬದುಕಿದವರು, ವಯಸ್ಸಿದ್ದಾಗ ಸೌಂಡ್ ಯೂನಿಟ್ ಜೊತೆ ಔಟ್‌ಡೋರ್‌ಗೂ ಹೋದವರು. ಮುದ್ದೆಯಾದ ಟೇಪನ್ನು ಬೆಳಕಿಗೆ ಹಿಡಿದು ನೋಡಿ ತಲೆ ಚಚ್ಚಿಕೊಂಡರು.

‘ಅಲ್ಲ ಕಣಯ್ಯಾ, ಸೆಟ್ ಹಾಕೋಕೆ ಮುಂಚೆ ಹೀರೋನ ಕರೀತಾರಾ? ಮೊದಲು ಮಿಷನ್ ರಿಪೇರಿ. ಆಮೇಲೆ ಖಾಲಿ ಟೇಪು. ಅದು ನೆಟ್ಟಗೆ ಓಡಿದ ಮೇಲೆ ಇದು.’

‘ಎಷ್ಟು ದಿನ ಆಗ್ಬಹುದು ಯಜಮಾನ್ರೇ?’

‘ನಾನಲ್ಲಪ್ಪಾ ಮಾಡೋದು, ನೀನು. ನನ್ನ ಕೈ ನಡುಗುತ್ತೆ.’

ಪಿಯುಸಿಗೆ ಸಲಾಂ ಹೊಡೆದು ಬಂದವನಿಗೆ ಮತ್ತೆ ಪಾಠಶಾಲೆ ಶುರುವಾಯಿತು!

ನಾಲ್ಕು ತಿಂಗಳ ವನವಾಸ

ಮೊದಲು ಡಾಂಬರು. ಹತ್ತಿಗೆ ಸ್ಪಿರಿಟ್ ಅದ್ದಿ ಎರಡು ದಿನ ಒರೆಸಿದೆ. ಉಗುರಿನ ಕಪ್ಪು ವಾರವಾದರೂ ಹೋಗಲಿಲ್ಲ. ಆಮೇಲೆ ಸೆಲ್ ಕೂರುವ ಗೂಡು. ಯಾರೋ ಮಹಾನುಭಾವರು ಸೆಲ್ ತೆಗೆಯದೆ ಇಟ್ಟು, ಅದು ಸೋರಿ, ತಗಡಿಗೆಲ್ಲ ಹಸಿರು ಕಿಲುಬು. ಉಪ್ಪುಕಾಗದದಲ್ಲಿ ಉಜ್ಜಿ ತಗಡು ಬೆಳಗಿಸಿದೆ. ಹಳೇ ಗ್ರೀಸು ಬೆಲ್ಲದ ಅಂಟುಪಾಕದ ಹಾಗೆ ಗಟ್ಟಿಯಾಗಿತ್ತು. ಅದನ್ನು ತೆಗೆದು ತೊಟ್ಟೇ ತೊಟ್ಟು ಹೊಸ ಎಣ್ಣೆ.

ಆಮೇಲೆ ಕಂಡೆನ್ಸರ್‌ಗಳು. ವರ್ಷಗಟ್ಟಲೆ ಕೂತು ಒಳಗಿನ ದ್ರವ ಒಣಗಿರುತ್ತೆ. ಎಸ್.ಪಿ. ರೋಡಿನಲ್ಲಿ ಹೊಸದು ಸಿಗುತ್ತೆ, ಆದರೆ ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಆದರೆ ಕಥೆ ಮುಗೀತು. ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಬಿಸಿ ತಡೆಯಲ್ಲ. ಬೆಸುಗೆ ಹಾಕುವಾಗ ಅದರ ಕಾಲನ್ನು ಇಕ್ಕಳದಲ್ಲಿ ಹಿಡಿದರೆ ಬಿಸಿಯೆಲ್ಲ ಇಕ್ಕಳಕ್ಕೆ ಹೋಗುತ್ತೆ. ಇದನ್ನೆಲ್ಲ ಯಜಮಾನರು ಬೀಡಿ ಹಚ್ಚಿಕೊಂಡು ಸ್ಟೂಲ್ ಮೇಲೆ ಕೂತು ಹೇಳುತ್ತಿದ್ದರು. ನಾನು ಮಾಡುತ್ತಿದ್ದೆ, ತಪ್ಪುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ.

ಕೊನೆಗೆ ಸ್ಪೀಡು. ಇದಕ್ಕೆ ಅವರು ಹೇಳಿಕೊಟ್ಟ ಉಪಾಯ ಕೇಳಿ. ಟೇಪು ಸೆಕೆಂಡಿಗೆ 19.05 ಸೆಂಟಿಮೀಟರ್ ಓಡಬೇಕು. ಅಂದ್ರೆ ನಿಮಿಷಕ್ಕೆ 11 ಮೀಟರ್ 43 ಸೆಂಟಿಮೀಟರ್. ಖಾಲಿ ಟೇಪಿನ ಮೇಲೆ ಅಷ್ಟು ದೂರಕ್ಕೆ ಎರಡು ಗುರುತು ಹಾಕಿ, ಗಡಿಯಾರ ಹಿಡಿದು ಕೂರೋದು. ನನ್ನದು ಮೊದಲ ಸಲ 66 ಸೆಕೆಂಡು ತೆಗೆದುಕೊಂಡಿತು. ಬೆಲ್ಟು ಸಡಿಲ. ಮೂರನೇ ಬೆಲ್ಟಿಗೆ ಸರಿಯಾಗಿ 60 ಬಂತು. ಆ ರಾತ್ರಿ ನನಗೆ ನೂರು ದಿನ ಓಡಿದ ಚಿತ್ರದ ನಿರ್ಮಾಪಕನಷ್ಟು ಖುಷಿ!

ನಾಗ್ರಾ ಎಂಬ ಸೂಪರ್‌ಸ್ಟಾರ್

‘ಇದೇನು ಮಹಾ. ರಾಜ ಅಂದ್ರೆ ನಾಗ್ರಾ ಕಣಯ್ಯಾ’ ಅಂತಿದ್ದರು ಯಜಮಾನರು. ಪೋಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿಗೆ ಬಂದ ಸ್ಟೆಫಾನ್ ಕುಡೆಲ್‌ಸ್ಕಿ 1951ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಮೊದಲ ನಾಗ್ರಾ ಕಟ್ಟಿದ. ಅದಕ್ಕೆ ಗ್ರಾಮಫೋನಿನಂತೆ ಕೀಲಿ ಕೊಡಬೇಕಿತ್ತು! ‘ನಾಗ್ರಾ’ ಅಂದ್ರೆ ಪೋಲಿಷ್ ಭಾಷೆಯಲ್ಲಿ ‘ಧ್ವನಿ ಮುದ್ರಿಸುತ್ತದೆ’ ಅಂತ ಅರ್ಥ. ಹನ್ನೆರಡು ಟಾರ್ಚ್ ಸೆಲ್ಲಿನ ನಾಗ್ರಾ 3 ಬಂದ ಮೇಲೆ ಚಿತ್ರರಂಗದ ದಿಕ್ಕೇ ಬದಲಾಯಿತು. ಕ್ಯಾಮೆರಾದಿಂದ ಬರುವ ಒಂದು ಮಿಡಿತ ಧ್ವನಿಯ ಜೊತೆಗೇ ಟೇಪಿನಲ್ಲಿ ಕೂರುತ್ತಿತ್ತು. ಆಮೇಲೆ ಅದನ್ನು ಅನುಸರಿಸಿ ತುಟಿಗೂ ಮಾತಿಗೂ ಹೊಂದಿಸುತ್ತಿದ್ದರು. 1981ರ ‘ಬ್ಲೋ ಔಟ್’ ಚಿತ್ರದಲ್ಲಿ ಸೌಂಡ್‌ಮ್ಯಾನ್ ಆಗಿ ಜಾನ್ ಟ್ರವೋಲ್ಟಾ ಹೊತ್ತು ತಿರುಗುವುದು ನಾಗ್ರಾವನ್ನೇ. 2013ರಲ್ಲಿ ತೀರಿಕೊಂಡ ಕುಡೆಲ್‌ಸ್ಕಿಗೆ ಆಸ್ಕರ್ ಅಕಾಡೆಮಿಯ ಗೌರವಗಳೂ ಸಂದಿದ್ದವು.

ನಮ್ಮಲ್ಲಿ ಬಹುಪಾಲು ಚಿತ್ರಗಳಿಗೆ ಡಬ್ಬಿಂಗೇ ಗತಿಯಾಗಿತ್ತು. ಕ್ಯಾಮೆರಾದ ಗರಗರ ಸದ್ದಿನ ನಡುವೆ ಹಿಡಿದ ಮಾತು ಬರೀ ಗುರುತಿಗೆ. ಕಲಾವಿದರು ಅದನ್ನು ಕೇಳಿ ಥಿಯೇಟರಿನಲ್ಲಿ ಮತ್ತೆ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಟೇಪು ಯಾರಿಗೆ ಬೇಕು? ಅಳಿಸುತ್ತಿದ್ದರು, ಇಲ್ಲವೇ ಎಸೆಯುತ್ತಿದ್ದರು. ನನ್ನ ಕೈಲಿದ್ದದ್ದು ಅಂಥದ್ದೊಂದು.

ಕೊನೆಗೂ ಆ ದಿನ ಬಂತು. ಮೊದಲ ಓಟದಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಲು ವೈರು ಜೋಡಿಸಿದೆ. ಎರಡನೇ ಓಟಕ್ಕೆ ಟೇಪು ಉಳಿಯುತ್ತೆ ಅನ್ನೋ ಖಾತ್ರಿ ಇರಲಿಲ್ಲ. ಯಜಮಾನರೇ ಗುಂಡಿ ಒತ್ತಿದರು.

ಗಾಳಿ. ಕಾಗೆ. ಕ್ಯಾಮೆರಾದ ಗರಗರ. ಒಬ್ಬ ಹುಡುಗನ ಧ್ವನಿ, ತಾಯಿಯ ಹತ್ತಿರ ಮಾತಾಡುವ ಸಂಭಾಷಣೆ. ತೊದಲಿದ. ಯಾರೋ ನಕ್ಕರು. ಮತ್ತೆ ಹೇಳಿದ, ಮತ್ತೆ ತೊದಲಿದ. ಐದನೇ ಸಲ ಗಂಟಲು ಕಟ್ಟಿಬಂದು, ಮಾತು ಎಲ್ಲಿಂದಲೋ ಬಂದಹಾಗೆ ಬಂತು. ಎರಡು ಕ್ಷಣ ಎಲ್ಲರೂ ಸುಮ್ಮನೆ. ಆಮೇಲೆ ‘ಓ.ಕೆ.!’

ಯಾರು ಆ ಹುಡುಗ? ನನಗೆ ಗೊತ್ತಾಗಲಿಲ್ಲ. ಯಜಮಾನರು ಮೂರು ಸಲ ಕೇಳಿದರು. ಅವರಿಗೂ ಗೊತ್ತಾಗಲಿಲ್ಲ. ಮೆಲ್ಲಗೆ ಅಂದರು: ‘ಚಿತ್ರದ ಹೆಸರು, ಸೀನ್ ನಂಬರು ಎಲ್ಲಾ ಟೇಪಿನ ಶುರುವಿನಲ್ಲೇ ಹೇಳ್ತಿದ್ವಪ್ಪಾ. ಹತ್ತು ಸೆಕೆಂಡು ಸಾಕು ಅದಕ್ಕೆ.’

ನಾನು ಹರಿದ ಎರಡು ಗಜವನ್ನು ಲೆಕ್ಕ ಹಾಕಿದೆ. ಸರಿಸುಮಾರು ಹತ್ತೇ ಸೆಕೆಂಡು.

‘ಯಾವ್ದಾದ್ರೂ ದೊಡ್ಡ ಸ್ಟಾರ್ ಹೆಸರು ಹಾಕಿ ಬರೆದುಬಿಡು ಗುರೂ, ಯಾರು ಕೇಳ್ತಾರೆ?’ ಅಂದ ಒಬ್ಬ ಗೆಳೆಯ. ಬರೆಯಬಹುದಿತ್ತು, ದುಡ್ಡೂ ಬರುತ್ತಿತ್ತು. ಆದರೆ ಆ ಹುಡುಗನ ಹೆಸರನ್ನು ಒಂದು ಸಲ ಅಳಿಸಿದವನು ನಾನೇ. ಅದರ ಮೇಲೆ ಇನ್ನೊಬ್ಬರ ಹೆಸರು ಬರೆದು ಎರಡನೇ ಸಲವೂ ಅಳಿಸಲೇ?

ನಿಮ್ಮ ಮನೆ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದ್ದರೆ ದಯವಿಟ್ಟು ಗುಂಡಿ ಒತ್ತಬೇಡಿ. ಒಳಗೆ ಹಳೇ ಸೆಲ್ ಇದ್ದರೆ ತೆಗೆಯಿರಿ. ಟೇಪನ್ನು ಕೈಯಿಂದ ಮೆಲ್ಲಗೆ ಬಿಡಿಸಿ ಡಬ್ಬಿಯಲ್ಲಿಡಿ, ಬಿಸಿಲಿಗೂ ಅಯಸ್ಕಾಂತಕ್ಕೂ ದೂರ. ಆಮೇಲೆ ಗೊತ್ತಿರುವವರನ್ನು ಹುಡುಕಿ.

ಇನ್ನು ಮೇಲೆ ನಾನು ಸಿನಿಮಾಕ್ಕೆ ಹೋದರೆ ‘ಶಬ್ದಗ್ರಹಣ’ ಕಾರ್ಡಿಗೆ ಒಂದು ಶಿಳ್ಳೆ ಖಂಡಿತ. ಪಕ್ಕದ ಸೀಟಿನಲ್ಲಿ ನೀವಿದ್ದರೆ ಜೊತೆಗೊಂದು ಹೊಡೀರಿ.