ಬೆಳಿಗ್ಗೆ ಆರರ ಸಾಲು

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಇವತ್ತು ಬೆಳಿಗ್ಗೆ ಬಸ್ಸು, ಹೆರಾಯಿನ್ ಚಟಕ್ಕೆ ಔಷಧಿ ಕೊಡೋ ಮೆಥಡೋನ್ ಕ್ಲಿನಿಕ್ ದಾಟುವಾಗ, ಪಕ್ಕ ಕೂತಿದ್ದ ನಮ್ಮ ಕಡೆಯವರೊಬ್ಬರು ಹೊರಗಿನ ಸಾಲು ತೋರಿಸಿ, "ನೋಡಿ, ಸರ್ಕಾರವೇ ನಿಂತು ಅಮಲು ಕುಡಿಸ್ತಿದೆ" ಅಂದ್ರು.

ಅಲ್ಲ ಸ್ವಾಮಿ, ಆ ಸಾಲಲ್ಲಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡ ಕಟ್ಟಡ ಕೆಲಸದವರಿದ್ರು, ಆಸ್ಪತ್ರೆ ಯೂನಿಫಾರಂ ಹಾಕಿದ ಹೆಂಗಸಿದ್ರು. ನರ್ಸ್ ಎದುರೇ ಪುಟ್ಟ ಪ್ಲಾಸ್ಟಿಕ್ ಲೋಟದ ಔಷಧಿ ಕುಡಿದು ಡ್ಯೂಟಿಗೆ ಓಡೋ ಜನ ಇವರು. ಹೆರಾಯಿನ್ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತೆ, ಆಮೇಲೆ ನಡುಕ, ಮತ್ತೆ ಹುಡುಕಾಟ. ಮೆಥಡೋನ್ ದಿನಪೂರ್ತಿ ನಿಲ್ಲುತ್ತೆ. ಡೋಸ್ ಸರಿಯಾಗಿ ಕೂತ್ರೆ ಅಮಲೂ ಇಲ್ಲ, ನಡುಕವೂ ಇಲ್ಲ. ಇದೇ ನ್ಯೂಯಾರ್ಕಲ್ಲಿ ವಿನ್ಸೆಂಟ್ ಡೋಲ್, ಮೇರಿ ನೈಸ್ವಾಂಡರ್ ಅನ್ನೋ ವೈದ್ಯರು 1960ರ ದಶಕದಲ್ಲೇ ಇದನ್ನ ತೋರಿಸಿದ್ರು. ಮಾತು ಮಾತ್ರ ಇನ್ನೂ ಹಳೇದೇ!

"ಮೂಳೆ ಕರಗಿಸುತ್ತೆ" ಅನ್ನೋದು ಇನ್ನೊಂದು ಪುಕಾರು. ಡೋಸ್ ಸಾಲದಾಗ ಬರೋ ಮೈಕೈ ನೋವೇ ಬಹುಶಃ ಆ ಕಥೆ ಹುಟ್ಟಿಸಿರಬೇಕು. ಬಸುರಿಯರು ಮೆಥಡೋನ್ ತಕ್ಷಣ ಬಿಡಬೇಕು ಅನ್ನೋದು ಮತ್ತೊಂದು. ಆದ್ರೆ ಡಾಕ್ಟರುಗಳು ಹೇಳೋದು ಮುಂದುವರಿಸಿ ಅಂತ. ಹಾಗಂತ ಸಾದಾ ಔಷಧಿಯೇನಲ್ಲ ಬಿಡಿ, ಮನೆಯ ಮಗು ಕುಡಿದುಬಿಟ್ರೆ ಜೀವಕ್ಕೇ ಕುತ್ತು. ಅದಕ್ಕೇ ಮನೆಗೆ ಒಯ್ಯೋ ಬಾಟಲಿಗೆ ಬೀಗದ ಪೆಟ್ಟಿಗೆ.

"ಇನ್ನೆಷ್ಟು ವರ್ಷ ಕುಡೀತಾರೆ?" ಅಂತಲೂ ಕೇಳಿದ್ರು. ಬಿಪಿ ಮಾತ್ರೆ ನುಂಗೋರನ್ನ ಯಾರಾದ್ರೂ ಹೀಗೆ ಕೇಳ್ತಾರಾ?

ನಮ್ಮ ಭಾರತದಲ್ಲಿ ಈ ಚಿಕಿತ್ಸೆಗೆ ಹೆಚ್ಚಾಗಿ ಬುಪ್ರೆನಾರ್ಫಿನ್ ಕೊಡ್ತಾರೆ. ಅದರ ಬಗ್ಗೆ ನಿಮ್ಮ ಸುತ್ತ ಏನೇನು ಮಾತು ಓಡಾಡುತ್ತೆ? ಗೊತ್ತಿದ್ದೋರು ಬರೀರಿ.