ಅಸರ್ ಮತ್ತು ಮಗ್ರಿಬ್‌ಗಳ ನಡುವಿನ ಹೊತ್ತು

ಪರೀಕ್ಷೆಗಳು ಸಮೀಪಿಸುತ್ತಿದ್ದಂತೆ ಹೆತ್ತವರು ಮದ್ರಸಕ್ಕೆ ಬಂದು ಹೇಳುವ ಮಾತೊಂದಿದೆ: "ಉಸ್ತಾದರೇ, ಹುಡುಗನಿಗೆ ಆಟದ ಹುಚ್ಚು ಹೆಚ್ಚಾಗಿದೆ. ನಾವು ಹೇಳಿದರೆ ಕೇಳುವುದಿಲ್ಲ, ನೀವೊಮ್ಮೆ ಗದರಿಸಿಬಿಡಿ." ಕಳೆದ ವರ್ಷವೂ ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಹೀಗೆಯೇ ಬಂದರು. ಮಗನ ಹಾಕಿ ಸ್ಟಿಕ್ಕನ್ನು ಅಟ್ಟದ ಮೇಲೆ ಇಟ್ಟು ಬಂದಿದ್ದೇನೆ ಎಂದರು. ನಾನು ಅವರನ್ನು ಕುಳ್ಳಿರಿಸಿ, ಹುಡುಗನ ಒಂದು ದಿನದ ಲೆಕ್ಕ ಹೇಳುವಂತೆ ಕೇಳಿಕೊಂಡೆ.

ಸುಬ್‌ಹಿಗೆ ಏಳುತ್ತಾನೆ. ಏಳು ಗಂಟೆಯಿಂದ ಒಂಬತ್ತರ ಸುಮಾರಿಗೆ ಮದ್ರಸ. ಅಲ್ಲಿಂದ ಜೀಪಿನಲ್ಲಿ ಶಾಲೆ. ನಾಲ್ಕು ಗಂಟೆಗೆ ಶಾಲೆ ಬಿಟ್ಟರೆ ಐದಕ್ಕೆ ಟ್ಯೂಷನ್. ಇಶಾದ ನಂತರ ಮನೆಪಾಠ, ಅದು ಮುಗಿದ ಮೇಲೆ ಹಾಸಿಗೆಯಲ್ಲಿ ಮೊಬೈಲು. ಹನ್ನೊಂದಕ್ಕೆ ಮುಂಚೆ ನಿದ್ರೆಯಿಲ್ಲ. ವಾರಕ್ಕೆ ಎರಡು ಆಟದ ಪೀರಿಯಡ್ಡುಗಳಿದ್ದರೂ ಪರೀಕ್ಷೆ ಹತ್ತಿರ ಬಂದಾಗ ಅವು ಗಣಿತಕ್ಕೆ ಹೋಗುತ್ತವೆ. ಲೆಕ್ಕ ಹೇಳುತ್ತಾ ಹೇಳುತ್ತಾ ಆ ತಂದೆ ತಾವೇ ಮೌನವಾದರು. ಅವರ ಮಗ ಹೆಚ್ಚುಕಡಿಮೆ ಇಡೀ ದಿನ ಕುಳಿತೇ ಇರುತ್ತಿದ್ದ. ಉಳಿದಿದ್ದ ಒಂದೇ ಚಲನೆ ಅಟ್ಟ ಸೇರಿತ್ತು.

ಈ ವಿಷಯ ಎತ್ತಿದಾಗಲೆಲ್ಲ ಜಮಾಅತ್ತಿನ ಹಿರಿಯರು ನಗುತ್ತಾರೆ. ಗುಡ್ಡದ ಊರಿನ ಮಕ್ಕಳಿಗೆ ವ್ಯಾಯಾಮವೇ, ಅದೆಲ್ಲ ಪೇಟೆಯವರಿಗೆ ಎನ್ನುವುದು ಅವರ ಅಭಿಪ್ರಾಯ. ನಮ್ಮ ಬಾಲ್ಯದ ಮಟ್ಟಿಗೆ ಅವರ ಮಾತು ನಿಜ. ಮದ್ರಸಕ್ಕೂ ಶಾಲೆಗೂ ನಡೆದೇ ಹೋಗುತ್ತಿದ್ದೆವು. ಸೌದೆ ಹೊರುತ್ತಿದ್ದೆವು, ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದೆವು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕತ್ತಲಾಗುವವರೆಗೂ ಚೆಂಡು ಒದೆಯುತ್ತಿದ್ದೆವು. ಆಟವನ್ನು ಯಾರೂ ಏರ್ಪಡಿಸಬೇಕಾಗಿರಲಿಲ್ಲ. ಅದು ಬದುಕಿನೊಳಗೇ ಇತ್ತು. ಇಂದು ಮನೆಯಂಗಳಕ್ಕೆ ಜೀಪು ಬರುತ್ತದೆ, ಅಡುಗೆಗೆ ಗ್ಯಾಸ್ ಬಂದಿದೆ, ಗದ್ದೆಗಳಲ್ಲಿ ಎಷ್ಟೋ ಪಾಳು ಬಿದ್ದಿವೆ. ಇವೆಲ್ಲ ಅಲ್ಲಾಹನ ಅನುಗ್ರಹಗಳೇ. ಸೌದೆಯ ಹೊರೆ ಮರಳಿ ಬರಲೆಂದು ಯಾರೂ ದುಆ ಮಾಡುವುದಿಲ್ಲ. ಆದರೆ ಅವುಗಳ ಜೊತೆಯಲ್ಲಿ ಮಕ್ಕಳ ನಡಿಗೆಯೂ ಓಟವೂ ಹೊರಟುಹೋದದ್ದು ನಮ್ಮ ಗಮನಕ್ಕೆ ಬಂದಿಲ್ಲ. ನಾಲ್ಕುನಾಡು ಅರಮನೆಯ ದಾರಿಯಾಗಿ 1748 ಮೀಟರ್ ಎತ್ತರದ ತಡಿಯಂಡಮೋಳ್ ಏರಲು ಬೆಂಗಳೂರಿನ ಯುವಕರು ರಾತ್ರಿಯಿಡೀ ಪ್ರಯಾಣಿಸಿ ಬರುತ್ತಾರೆ. ಅದರ ಬುಡದಲ್ಲೇ ಹುಟ್ಟಿದ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅದನ್ನು ಏರಿದ್ದಾರೆಂದು ಒಮ್ಮೆ ಕೇಳಿದೆ. ಇಪ್ಪತ್ತೆಂಟು ಮಕ್ಕಳಲ್ಲಿ ಮೂವರು ಕೈಯೆತ್ತಿದರು.

ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಕರಿಗೆ ವಾರಕ್ಕೆ 150 ನಿಮಿಷವಾದರೂ ಬೇಕು. ಇದು ಸೌಂದರ್ಯದ ಮಾತಲ್ಲ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ; ಕುಳಿತಿರುವ ದೇಹದಲ್ಲಿ ಆ ಕೆಲಸ ನಿಧಾನವಾಗುತ್ತದೆ. ಎಲುಬುಗಳು ಗಟ್ಟಿಯಾಗುವುದು ಬಾಲ್ಯ ಮತ್ತು ಹರೆಯದಲ್ಲಿ, ಅದೂ ಭಾರ ಬಿದ್ದಾಗ, ಜಿಗಿದಾಗ, ಓಡಿದಾಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಅಂದಾಜಿಸಿತು. ನಮ್ಮ ಮಸೀದಿಯ ಮುಂದಿನ ಸಾಲಿನಲ್ಲಿ ನಿಲ್ಲುವವರ ಕಿಸೆಯಲ್ಲಿರುವ ಮಾತ್ರೆಗಳೂ ಅದನ್ನೇ ಹೇಳುತ್ತಿವೆ.

ಇಲ್ಲಿ ಒಂದು ಮಾತು. ದಿನಕ್ಕೆ ಐದು ಹೊತ್ತು ನಮಾಝ್ ಮಾಡುವವನಿಗೆ ಬೇರೆ ವ್ಯಾಯಾಮ ಬೇಡ ಎನ್ನುವ ಪ್ರಸಂಗಗಳನ್ನು ಕೇಳಿದ್ದೇನೆ. ನಮಾಝಿನಲ್ಲಿ ದೇಹ ಬಾಗುತ್ತದೆ, ಏಳುತ್ತದೆ, ಅದರಿಂದ ಕೀಲುಗಳಿಗೆ ಒಳಿತಾಗಬಹುದು. ಆದರೆ ನಮಾಝ್ ಆರಾಧನೆ. ಅದನ್ನು ಕಸರತ್ತಿನ ಪಟ್ಟಿಗೆ ಸೇರಿಸುವುದು ಆರಾಧನೆಗೂ ಗೌರವವಲ್ಲ, ಕಸರತ್ತಿಗೂ ಸಾಲದು. ಇಡೀ ರಾತ್ರಿ ನಮಾಝಿನಲ್ಲಿ ನಿಂತು, ಹಗಲೆಲ್ಲ ಉಪವಾಸವಿರುತ್ತಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ)ಯವರು ಅವರ ಶರೀರಕ್ಕೂ ಅವರ ಮೇಲೆ ಹಕ್ಕಿದೆಯೆಂದು ನೆನಪಿಸಿಕೊಟ್ಟರು. ಆ ಹಕ್ಕನ್ನು ಬೇರೆಯಾಗಿಯೇ ಸಲ್ಲಿಸಬೇಕು.

ಓದಿನ ವಿಚಾರಕ್ಕೆ ಬರೋಣ, ಏಕೆಂದರೆ ಹೆತ್ತವರ ಭಯವಿರುವುದು ಅಲ್ಲಿಯೇ. ಇಮಾಂ ಗಝ್ಝಾಲಿ(ರ)ಯವರು 1111ರಲ್ಲಿ ನಿಧನರಾದವರು. ಆಧುನಿಕ ಶಿಕ್ಷಣಶಾಸ್ತ್ರ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಅವರು ಇಹ್ಯಾ ಉಲೂಮಿದ್ದೀನ್‌ನಲ್ಲಿ ಮಕ್ಕಳ ತರಬೇತಿಯ ಕುರಿತು ಬರೆಯುತ್ತಾ, ಪಾಠಶಾಲೆಯಿಂದ ಮರಳಿದ ಮಗುವಿಗೆ ದಣಿವಾರುವಂತೆ ಒಳ್ಳೆಯ ಆಟಕ್ಕೆ ಅವಕಾಶ ಕೊಡಬೇಕೆಂದು ಸೂಚಿಸಿದ್ದಾರೆ. ಆಟ ತಡೆದು ಸದಾ ಕಲಿಕೆಯನ್ನೇ ಹೇರಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮೊಂಡಾಗುತ್ತದೆ, ಕೊನೆಗೆ ಕಲಿಕೆಯಿಂದಲೇ ಪಾರಾಗುವ ಉಪಾಯ ಹುಡುಕುತ್ತದೆ ಎಂಬುದು ಅವರ ಎಚ್ಚರಿಕೆಯ ಸಾರ. ಮದ್ರಸದಲ್ಲಿ ಇಪ್ಪತ್ತು ವರ್ಷ ಕಳೆದ ನಾನು ಆ ಉಪಾಯಗಳನ್ನೆಲ್ಲ ಕಂಡಿದ್ದೇನೆ: ಹೊಟ್ಟೆನೋವು, ತಲೆನೋವು, ಮನೆಯಲ್ಲೇ ಮರೆತುಬಂದ ಕಿತಾಬು. ಆಡಿದ ಮಗು ಬೇಗ ಮಲಗುತ್ತದೆ, ಆಳವಾಗಿ ನಿದ್ರಿಸುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ಆ ನಿದ್ರೆಯೇ ನೆರವು. ಆಟವಾಡಿದ ಮಾತ್ರಕ್ಕೆ ರ್‍ಯಾಂಕ್ ಬರುವುದಿಲ್ಲ. ಆದರೆ ಸಂಜೆ ಒಂದು ಗಂಟೆ ಆಡಿದ ಹುಡುಗ ಮರುದಿನ ಬೆಳಿಗ್ಗೆ ಹಿಫ್‌ಝ್ ಒಪ್ಪಿಸುವಾಗ ತೂಕಡಿಸುವುದನ್ನು ನಾನು ಕಂಡದ್ದು ಕಡಿಮೆ. ತೂಕಡಿಸುವವನು ಮೊಬೈಲಿನವನು.

ಸಮಾಜದ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮಿಂದ ದೂರವಲ್ಲದ ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಆ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳಿದ್ದವು. ಅದು ಗಿನ್ನೆಸ್ ದಾಖಲೆಗೂ ಸೇರಿತು. ನಾನು ಪಂದ್ಯ ನೋಡಲು ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಲುಗಳಲ್ಲ. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗನೂ ಇದ್ದರು, ಮನೆಯ ಹೆಣ್ಣುಮಕ್ಕಳೂ ಇದ್ದರು. ದೂರದ ನಗರಗಳಲ್ಲಿ ಚದುರಿಹೋಗಿದ್ದ ಒಂದು ಮನೆತನ ಒಂದೇ ಬಣ್ಣದ ಅಂಗಿ ತೊಟ್ಟು ನಿಂತಿತ್ತು. ನಮ್ಮ ಭಾಗದ ಅನೇಕ ಮುಸ್ಲಿಂ ಕುಟುಂಬಗಳಿಗೂ ಮನೆತನದ ಹೆಸರುಗಳಿವೆ, ನಮ್ಮವರೂ ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಚದುರಿದ್ದಾರೆ. ನಾವು ಒಟ್ಟಾಗುವುದು ಮದುವೆಯಲ್ಲಿ ಮತ್ತು ಮಯ್ಯಿತ್ತಿನಲ್ಲಿ ಮಾತ್ರ. ಸಿಲತುರ್ರಹಿಮ್, ಅಂದರೆ ಕುಟುಂಬ ಸಂಬಂಧ ಬೆಸೆಯುವ ಬಗ್ಗೆ ಪ್ರವಚನಗಳನ್ನು ನಾವು ಧಾರಾಳವಾಗಿ ಮಾಡುತ್ತೇವೆ. ಅದಕ್ಕೊಂದು ಮೈದಾನವನ್ನು ಹುಡುಕಿಕೊಟ್ಟವರು ನಮ್ಮ ನೆರೆಯವರು.

ಮೈದಾನ ಕಲಿಸುವ ಇನ್ನೊಂದು ಸಂಗತಿ ಸೋಲು. ಪ್ರವಾದಿ(ಸ)ಯವರ ಅದ್‌ಬಾ ಎಂಬ ಒಂಟೆಯನ್ನು ಓಟದಲ್ಲಿ ಹಿಂದಿಕ್ಕಿದ ಒಂಟೆ ಇರಲಿಲ್ಲ. ಒಮ್ಮೆ ಮರುಭೂಮಿಯ ಗ್ರಾಮೀಣನೊಬ್ಬ ತನ್ನ ಒಂಟೆಯೊಂದಿಗೆ ಬಂದು ಗೆದ್ದ. ಸಹಾಬಿಗಳಿಗೆ ಅದನ್ನು ಸಹಿಸುವುದು ಕಷ್ಟವಾಯಿತು. ಆದರೆ ಪ್ರವಾದಿ(ಸ)ಯವರು, ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸದೆ ಇರುವುದಿಲ್ಲವೆಂದು ಅವರನ್ನು ಸಮಾಧಾನಪಡಿಸಿದರು. ಮತ್ತೊಮ್ಮೆ ಅಸ್ಲಮ್ ಗೋತ್ರದವರು ಎರಡು ತಂಡಗಳಾಗಿ ಬಿಲ್ಲುಗಾರಿಕೆಯ ಪೈಪೋಟಿಯಲ್ಲಿದ್ದಾಗ ಪ್ರವಾದಿ(ಸ)ಯವರು ಒಂದು ತಂಡದ ಪರ ನಿಂತರು. ಎದುರಾಳಿಗಳು ಬಾಣ ಬಿಡುವುದನ್ನೇ ನಿಲ್ಲಿಸಿದರು. ಪ್ರವಾದಿ(ಸ) ಅತ್ತ ಇರುವಾಗ ಇವರು ಹೇಗೆ ಬಾಣ ಬಿಟ್ಟಾರು? ಆಗ ಅವರು ತಾನು ಎಲ್ಲರ ಜೊತೆಗೂ ಇದ್ದೇನೆಂದು ಹೇಳಿ ಆಟವನ್ನು ಮುಂದುವರಿಸಿದರು. ಶಾಲೆಯ ಮೈದಾನದಲ್ಲಿ ನಮ್ಮ ಮಕ್ಕಳ ಜೊತೆ ಕೊಡವರ, ಗೌಡರ, ಯರವರ ಮಕ್ಕಳಿರುತ್ತಾರೆ, ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರ ಮಕ್ಕಳಿರುತ್ತಾರೆ. ಈ ಎರಡು ಘಟನೆಗಳನ್ನು ಹದೀಸ್ ತರಗತಿಯಲ್ಲಿ ಹೇಳುವಾಗ ನಾನು ಆ ಮೈದಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಎಲ್ಲ ಮಕ್ಕಳೂ ಆಟಗಾರರಾಗಬೇಕೆಂದಲ್ಲ. ಮದೀನದಲ್ಲಿ ಪ್ರವಾದಿ(ಸ)ಯವರು ಕುದುರೆ ಓಟ ಏರ್ಪಡಿಸಿದಾಗ ಪಳಗಿದ ಕುದುರೆಗಳಿಗೆ ದೂರದ ಗುರಿಯನ್ನೂ ಪಳಗದ ಕುದುರೆಗಳಿಗೆ ಬನೂ ಝುರೈಕ್ ಮಸೀದಿಯವರೆಗಿನ ಹತ್ತಿರದ ಗುರಿಯನ್ನೂ ನಿಗದಿಪಡಿಸಿದರು. ನಮ್ಮ ಕ್ರೀಡಾಕೂಟಗಳಲ್ಲಿ ಕಾಣದಿರುವುದು ಆ ಎರಡನೆಯ ಗುರಿ. ಮೀಲಾದಿನ ದಿನ ಐವರು ಚುರುಕು ಹುಡುಗರು ಓಡಿ ಬಹುಮಾನ ಪಡೆಯುತ್ತಾರೆ. ದಪ್ಪಗಿರುವವನು, ಉಬ್ಬಸವಿರುವವನು, ನಾಚಿಕೆಯವನು ಕುರ್ಚಿ ಜೋಡಿಸುತ್ತಾರೆ. ಆಟದ ಅಗತ್ಯ ಹೆಚ್ಚಾಗಿರುವುದು ಅವರಿಗೇ.

ಇನ್ನು ಹೆಣ್ಣುಮಕ್ಕಳು. ಏಳನೆಯ ತರಗತಿಯವರೆಗೆ ಓಟದಲ್ಲಿ ಮೊದಲು ಬರುತ್ತಿದ್ದ ಹುಡುಗಿ ಎಂಟನೆಯ ತರಗತಿಗೆ ಬಂದೊಡನೆ ಮೈದಾನದಿಂದ ಕಣ್ಮರೆಯಾಗುತ್ತಾಳೆ. ಮೂಳೆಗೆ ಬಲ ತುಂಬಬೇಕಾದ ವಯಸ್ಸು ಅದೇ. ದೀನ್ ಹೀಗೆ ಹೇಳಿದೆಯೇ ಎಂದು ಕೇಳಿದರೆ ಉತ್ತರಿಸಲು ನಮ್ಮಲ್ಲಿ ಪುರಾವೆಯಿಲ್ಲ. ಹಝ್ರತ್ ಆಯಿಶಾ(ರ)ರೊಂದಿಗೆ ಪ್ರವಾದಿ(ಸ)ಯವರು ಓಟದ ಪಂದ್ಯವಾಡಿದ್ದು ನಮಗೆಲ್ಲ ಗೊತ್ತು. ಮೊದಲ ಸಲ ಗೆದ್ದದ್ದು ಆಯಿಶಾ(ರ), ವರ್ಷಗಳ ನಂತರ ಗೆದ್ದದ್ದು ಪ್ರವಾದಿ(ಸ). ಈ ಘಟನೆಯನ್ನು ದಾಂಪತ್ಯದ ಪ್ರೀತಿಗೆ ದೃಷ್ಟಾಂತವಾಗಿ ನಿಕಾಹ್ ಖುತುಬಗಳಲ್ಲಿ ಹೇಳುತ್ತೇವೆ, ಮಗಳ ವಿಷಯ ಬಂದಾಗ ಮರೆಯುತ್ತೇವೆ. ಉಡುಪು ಅಡ್ಡಿಯೆಂದರೆ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿಯೇ ಕತ್ತಿವರಸೆಯ ತಂಡ ಸ್ಪರ್ಧೆಯಲ್ಲಿ ಕಂಚು ಗೆದ್ದ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ನಮ್ಮ ಮುಂದಿದ್ದಾರೆ. ಒಲಿಂಪಿಕ್ಸ್ ನಮ್ಮ ಗುರಿಯಲ್ಲ. ಪ್ರತ್ಯೇಕ ಹೊತ್ತು, ಮರೆಯಿರುವ ಒಂದು ಅಂಗಳ, ಜೊತೆಗೆ ತಾಯಂದಿರು ಇದ್ದರೆ ಸಾಕು.

ಇದನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ಕಮಿಟಿಯ ಸಭೆಯಲ್ಲಿ ಬಂತು. ಭಾರತದ ಫುಟ್ಬಾಲ್ ತಂಡ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಾಗ ಅದರ ತರಬೇತುದಾರರಾಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಮಾಸ್ತರರು. ನಾನು ಅವರ ಹೆಸರು ಹೇಳಿದೆ. ಒಬ್ಬರು ನಕ್ಕು, "ಹಾಗಾದರೆ ಸೀಟಿ ನಿಮ್ಮ ಕೈಗೇ ಕೊಡುತ್ತೇವೆ, ಉಸ್ತಾದರೇ" ಎಂದರು. ಚರ್ಚೆಯ ಬಳಿಕ ಒಪ್ಪಿಗೆಯಾದದ್ದು ಇಷ್ಟು: ಅಸರ್ ಮತ್ತು ಮಗ್ರಿಬ್‌ಗಳ ನಡುವೆ ಮದ್ರಸದ ವತಿಯಿಂದ ಯಾವ ವಿಶೇಷ ತರಗತಿಯನ್ನೂ ಇಡುವುದಿಲ್ಲ, ಆ ಹೊತ್ತು ಮಕ್ಕಳದ್ದು. ಟ್ಯೂಷನ್ನನ್ನು ಮಗ್ರಿಬ್ ನಂತರಕ್ಕೆ ಸರಿಸುವಂತೆ ಹೆತ್ತವರಲ್ಲಿ ವಿನಂತಿಸುವುದು. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಯಲ್ಲಿ ಮೈದಾನದ ಮಾತೇ ಇಲ್ಲವಾದ್ದರಿಂದ ಆಗ ಮದ್ರಸದ ಹಾಲ್‌ನ ಬೆಂಚುಗಳನ್ನು ಗೋಡೆಗೆ ಸರಿಸುವುದು. ಶನಿವಾರ ಮತ್ತು ಭಾನುವಾರ ಹಾಲ್ ಹೆಣ್ಣುಮಕ್ಕಳಿಗೆ. ಸಭೆ ಮುಗಿದ ಮರುದಿನ ಇಬ್ಬರು ತಾಯಂದಿರು ಬಂದು, ದೊಡ್ಡವರಿಗೂ ಹಗ್ಗ ಜಿಗಿಯಬಹುದೇ ಎಂದು ವಿಚಾರಿಸಿದರು. ವಿರಾಜಪೇಟೆಯಿಂದ ತರಬೇಕಾದ ಹಗ್ಗಗಳ ಸಂಖ್ಯೆಯನ್ನು ಹತ್ತರಿಂದ ಹದಿನೈದಕ್ಕೆ ತಿದ್ದಿದ್ದೇನೆ.